ಪದವಿಯ ಮೆಟ್ಟಿಲು: ಅರ್ಧಕ್ಕೆ ಇಳಿದವರು, ತುದಿ ಮುಟ್ಟಿದವರು

ಯಾವುದೇ ಪದವಿ ಕಾಲೇಜಿನ ಮೊದಲ ವರ್ಷದ ಹಾಜರಿ ಪುಸ್ತಕವನ್ನೂ ಅದೇ ತಂಡದ ಅಂತಿಮ ವರ್ಷದ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ತೆಳ್ಳಗಿರುತ್ತದೆ. ನಡುವೆ ಎಲ್ಲೋ ಕೆಲವು ಹೆಸರುಗಳು ಉದುರಿಹೋಗಿರುತ್ತವೆ. ಉದುರಿದವರೆಲ್ಲ ದಡ್ಡರೇ? ಉಳಿದವರೆಲ್ಲ ಜಾಣರೇ? ಒಂದೇ ಊರಿನಿಂದ, ಒಂದೇ ಬಸ್ಸಿನಲ್ಲಿ, ಹೆಚ್ಚುಕಡಿಮೆ ಒಂದೇ ಅಂಕ ಪಡೆದು ಬಂದ ಇಬ್ಬರಲ್ಲಿ ಒಬ್ಬ ಪದವಿ ಪತ್ರ ಹಿಡಿಯುತ್ತಾನೆ, ಇನ್ನೊಬ್ಬ ಎರಡನೇ ಸೆಮಿಸ್ಟರ್‌ಗೇ ಕಾಣೆಯಾಗುತ್ತಾನೆ. ಇದೇಕೆ?

ಮೇಲ್ನೋಟಕ್ಕೆ ಉತ್ತರ ಸುಲಭ ಎನಿಸುತ್ತದೆ. 'ಓದುವ ಮನಸ್ಸಿಲ್ಲ' ಎಂದು ಮೇಷ್ಟ್ರು ಹೇಳುತ್ತಾರೆ. 'ದುಡ್ಡಿಲ್ಲ' ಎಂದು ಮನೆಯವರು ಹೇಳುತ್ತಾರೆ. 'ಓದಿ ಏನು ಮಾಡೋದು' ಎಂದು ಬಿಟ್ಟವನು ಹೇಳುತ್ತಾನೆ. ಮೂರರಲ್ಲೂ ಒಂದಿಷ್ಟು ನಿಜವಿದೆ, ಆದರೆ ಯಾವುದೂ ಪೂರ್ತಿ ನಿಜವಲ್ಲ. ಇದನ್ನು ಅರಿಯಲು ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿಗಳ ಸೀಮೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮಣ್ಣಿನಡಿಯ ಅದಿರು, ಕಾಲುವೆಯ ನೀರು, ಕಲ್ಲಿನ ಸ್ಮಾರಕ ಮೂರೂ ಇಲ್ಲಿನ ಹುಡುಗರನ್ನು ತರಗತಿಯಿಂದ ಹೊರಗೆ ಕರೆಯುತ್ತಲೇ ಇರುತ್ತವೆ.

ಕಾಲೇಜು ಬಂದ ದಾರಿ

ಸಂಡೂರಿಗೂ ಕೂಡ್ಲಿಗಿಗೂ ನಡುವೆ ಇರುವ ಯಶವಂತನಗರ ಹೆಸರಿನಲ್ಲೇ ಸಂಡೂರು ಸಂಸ್ಥಾನದ ಕೊನೆಯ ದೊರೆ ಯಶವಂತರಾವ್ ಘೋರ್ಪಡೆಯವರನ್ನು ನೆನಪಿಸುವ ಊರು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ಅದಿರಿನ ರೈಲು ಮಾರ್ಗದಲ್ಲಿ ಇದೊಂದು ನಿಲ್ದಾಣ. ಸಂಡೂರು ಸಂಸ್ಥಾನ 1949ರಲ್ಲಿ ಬಳ್ಳಾರಿ ಜಿಲ್ಲೆಯೊಂದಿಗೆ ವಿಲೀನವಾಯಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ಬಳ್ಳಾರಿಯನ್ನು ಒಡೆದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚಿಸಿದಾಗ ಹೊಸಪೇಟೆ ಮತ್ತು ಹಂಪಿ ಆ ಕಡೆ ಹೋದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು.

ಉನ್ನತ ಶಿಕ್ಷಣ ಈ ಸೀಮೆಗೆ ತಡವಾಗಿ ಬಂತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು, ಮುಂದೆ ಹೊಸಪೇಟೆಯಲ್ಲಿ ವಿಜಯನಗರ ಕಾಲೇಜು ಆರಂಭವಾಗುವವರೆಗೆ ಪದವಿ ಬೇಕೆಂದವರು ದೂರದೂರಿಗೇ ಹೋಗಬೇಕಿತ್ತು. ಕಾಲೇಜು ಹತ್ತಿರ ಬಂದ ಮೇಲೂ ವಿಶ್ವವಿದ್ಯಾಲಯ ದೂರವೇ ಇತ್ತು. ಮೊದಲು ಧಾರವಾಡ, 1980ರಿಂದ ಗುಲ್ಬರ್ಗ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಇದರ ನಡುವೆ 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಗುಲ್ಬರ್ಗ ವಿಶ್ವವಿದ್ಯಾಲಯದ ಕಾಲದಲ್ಲೇ ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಈಗ ಅದು ಬಳ್ಳಾರಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಖನಿಜ ಸಂಸ್ಕರಣೆಯನ್ನೇ ಒಂದು ವಿಷಯವಾಗಿ ಕಲಿಸುವ ವಿಭಾಗ ಅಲ್ಲಿದೆ.

ಅಂದರೆ ಇಂದು ಯಶವಂತನಗರದ ಹುಡುಗನಿಗೋ ಹುಡುಗಿಗೋ ಕಾಲೇಜು ಕಣ್ಣಳತೆಯಲ್ಲದಿದ್ದರೂ ಬಸ್ಸಿನಳತೆಯಲ್ಲಿದೆ. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸಂಖ್ಯೆಯೇ 400 ದಾಟಿದೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸೀಟುಗಳ ಮೀಸಲೂ ದೊರೆತಿದೆ. ಬಾಗಿಲು ಅಗಲವಾಗಿದೆ. ಒಳಗೆ ಹೋದವರು ಇನ್ನೊಂದು ಕಡೆಯಿಂದ ಪದವಿ ಹಿಡಿದು ಹೊರಬರುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ.

ಲೆಕ್ಕಕ್ಕೆ ಸಿಗದವರು

ಕಾಲೇಜು ಬಿಟ್ಟವರನ್ನು ಎಣಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಕೇಂದ್ರ ಸರ್ಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 4.33 ಕೋಟಿ ವಿದ್ಯಾರ್ಥಿಗಳಿದ್ದರು. 18ರಿಂದ 23 ವರ್ಷದವರ ಜನಸಂಖ್ಯೆಗೆ ಹೋಲಿಸಿದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ ಶೇ 28.4, ಕರ್ನಾಟಕದಲ್ಲಿ ಶೇ 36.2. ಹೆಣ್ಣುಮಕ್ಕಳ ಪ್ರಮಾಣ ಶೇ 28.5 ಆಗಿ ಗಂಡುಮಕ್ಕಳನ್ನು ಕೂದಲೆಳೆಯಷ್ಟು ಹಿಂದಿಕ್ಕಿತ್ತು. ಹಿಗ್ಗುವ ಸಂಗತಿಯೇ ಸರಿ. ಆದರೆ ಇದು ಆಯಾ ವರ್ಷ ತರಗತಿಯಲ್ಲಿ ಇರುವ ತಲೆಗಳ ಎಣಿಕೆ. ಒಬ್ಬಳೇ ವಿದ್ಯಾರ್ಥಿನಿಯನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಹಿಂಬಾಲಿಸುವ ಲೆಕ್ಕ ಇದಲ್ಲ.

ಜೊತೆಗೆ 'ಬಿಟ್ಟವರು' ಎಂಬ ಒಂದೇ ಹಣೆಪಟ್ಟಿಯಡಿ ನಾಲ್ಕೈದು ಬಗೆಯವರಿದ್ದಾರೆ. ಬೇರೆ ಕಾಲೇಜಿಗೋ ಐಟಿಐಗೋ ಹೋದವರು ಒಂದು ಬಗೆ. ಮನೆಯ ಕಷ್ಟಕ್ಕೆ ಒಂದು ವರ್ಷ ನಿಲ್ಲಿಸಿ ಮತ್ತೆ ಬರುವೆನೆಂದವರು ಇನ್ನೊಂದು ಬಗೆ. ಮೂರು ವರ್ಷ ತರಗತಿಯಲ್ಲಿ ಕುಳಿತೂ ಇಂಗ್ಲಿಷೋ ಗಣಿತವೋ ಬಾಕಿ ಉಳಿದು ಪದವಿ ಕೈಗೆ ಸಿಗದವರು ಮೂರನೇ ಬಗೆ. ಹೆಸರು ನೋಂದಾಯಿಸಿ, ವಿದ್ಯಾರ್ಥಿವೇತನದ ಅರ್ಜಿ ಹಾಕಿ, ತರಗತಿಗೆ ಬಾರದೇ ಹೋದವರು ನಾಲ್ಕನೇ ಬಗೆ. ಕಾರಣ ಬೇರೆ ಬೇರೆಯಾದ್ದರಿಂದ ಎಲ್ಲರಿಗೂ ಒಂದೇ ಮದ್ದು ನಾಟುವುದಿಲ್ಲ.

ಹಿಂದೆ ಅರ್ಧಕ್ಕೆ ನಿಂತ ಓದಿಗೂ ಒಂದು ಬೆಲೆಯಿತ್ತು. ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪರೀಕ್ಷೆಯಲ್ಲಿ, 1858ರಲ್ಲಿ, ತೇರ್ಗಡೆಯಾದವರು ಇಬ್ಬರೇ. ಅವರಲ್ಲಿ ಒಬ್ಬರು ಮುಂದೆ 'ವಂದೇ ಮಾತರಂ' ಬರೆದ ಬಂಕಿಮಚಂದ್ರರು. ಪದವಿ ಅಷ್ಟು ಅಪರೂಪವಾಗಿದ್ದ ಕಾಲದಲ್ಲಿ 'ಬಿ.ಎ. ಫೇಲ್' ಎಂದು ಹೆಸರಿನ ಮುಂದೆ ಬರೆದುಕೊಳ್ಳುವುದೂ ಒಂದು ಅರ್ಹತೆಯಾಗಿತ್ತು, ಕಾಲೇಜಿನ ಗಾಳಿ ಸೋಕಿದೆ ಎಂಬುದರ ಗುರುತಾಗಿತ್ತು. ಓದು ಬಿಡುವುದೇ ಹೆಮ್ಮೆಯಾಗಿದ್ದ ಕಾಲವೂ ಇತ್ತು. ಅಸಹಕಾರ ಚಳವಳಿಯ ದಿನಗಳಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ತೊರೆದವರಲ್ಲಿ ಶಿವರಾಮ ಕಾರಂತರೂ ಒಬ್ಬರು. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಕೂಡ ದಾಟಿರಲಿಲ್ಲ.

ಈ ಹೆಸರುಗಳನ್ನು ಹೇಳಿ ಸಮಾಧಾನ ಪಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಕಾರಂತರು ತಾವಾಗಿ ಬಿಟ್ಟರು, ಬಿಟ್ಟ ಮೇಲೆ ಕೈಹಿಡಿಯಲು ಅವರಿಗೆ ಒಂದು ಚಳವಳಿಯಿತ್ತು. ಈಗ ಗ್ರಾಮ ಮಟ್ಟದ ಹುದ್ದೆಗೂ ಪದವೀಧರರು ಅರ್ಜಿ ಹಾಕುವ ಕಾಲ. ಅರ್ಧ ಪದವಿಗೆ ಬೆಲೆಯಿಲ್ಲ. ಎರಡು ವರ್ಷ ಓದಿ ಬಿಟ್ಟವನ ಕೈಯಲ್ಲಿ ಉಳಿಯುವುದು ಪಿಯುಸಿ ಅಂಕಪಟ್ಟಿಯೇ.

ಹೊಸ ಮನೆಗೆ ಬಂದ ಸೊಸೆ

ವಿದ್ಯಾರ್ಥಿಗಳು ಕಾಲೇಜು ಬಿಡುವುದೇಕೆ ಎಂಬುದಕ್ಕೆ ಜಗತ್ತಿನಾದ್ಯಂತ ಹೆಚ್ಚು ಚರ್ಚೆಗೊಳಗಾದ ವಿವರಣೆ ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ. 1975ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಬೇರು ಫ್ರಾನ್ಸಿನ ಎಮಿಲಿ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯ ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿದೆ. ಸಮಾಜದೊಂದಿಗಿನ ನಂಟು ಸಡಿಲವಾದಾಗ ಮನುಷ್ಯ ಬದುಕನ್ನೇ ಬಿಟ್ಟುಕೊಡುವ ಅಪಾಯ ಹೆಚ್ಚುತ್ತದೆ ಎಂಬುದು ಡರ್ಕೈಮ್ ವಾದದ ಒಂದು ಮುಖ್ಯ ಎಳೆ. ಕಾಲೇಜು ಕೂಡ ಒಂದು ಪುಟ್ಟ ಸಮಾಜ, ಅದರೊಂದಿಗೆ ಬೆಸುಗೆ ಬೀಳದವನು ಅದನ್ನು ಬಿಡುತ್ತಾನೆ ಎಂದರು ಟಿಂಟೊ.

ಈ ಬೆಸುಗೆಯಲ್ಲಿ ಅವರು ಎರಡು ಎಳೆಗಳನ್ನು ಗುರುತಿಸಿದರು. ಒಂದು ಓದಿನದು. ಪಾಠ ಅರ್ಥವಾಗುತ್ತಿದೆ, ಪರೀಕ್ಷೆ ದಾಟಬಲ್ಲೆ ಎಂಬ ನಂಬಿಕೆ ಅದು. ಇನ್ನೊಂದು ಜನರದು. ಗೆಳೆಯರಿದ್ದಾರೆ, ಹೆಸರು ಹಿಡಿದು ಕರೆಯುವ ಮೇಷ್ಟ್ರಿದ್ದಾರೆ, ಒಂದು ದಿನ ಬಾರದಿದ್ದರೆ 'ಏಕೆ ಬರಲಿಲ್ಲ' ಎಂದು ಕೇಳುವವರಿದ್ದಾರೆ ಎಂಬ ಭಾವ ಅದು. ಎರಡರಲ್ಲಿ ಒಂದು ಗಟ್ಟಿಯಾಗಿದ್ದರೂ ವಿದ್ಯಾರ್ಥಿ ಹೇಗೋ ನಿಲ್ಲಬಹುದು. ಎರಡೂ ಸಡಿಲವಾದರೆ ಕಷ್ಟ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮೊದಲ ವರ್ಷದ ವಿದ್ಯಾರ್ಥಿ ಗಂಡನ ಮನೆಗೆ ಹೊಸದಾಗಿ ಬಂದ ಸೊಸೆಯಿದ್ದಂತೆ. ತವರಿನ ರೂಢಿ ಇಲ್ಲಿ ನಡೆಯುವುದಿಲ್ಲ, ಇಲ್ಲಿನ ರೂಢಿ ಇನ್ನೂ ತಿಳಿದಿಲ್ಲ. ಯಾವ ಪಾತ್ರೆ ಎಲ್ಲಿದೆ, ಯಾರನ್ನು ಏನೆಂದು ಕರೆಯಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹೊಂದಿಕೊಂಡರೆ ಮನೆ ತನ್ನದಾಗುತ್ತದೆ, ಇಲ್ಲದಿದ್ದರೆ ಮನಸ್ಸು ತವರಿನ ದಾರಿ ಹಿಡಿಯುತ್ತದೆ. ಅಪ್ಪನೋ ಅಕ್ಕನೋ ಕಾಲೇಜು ಕಂಡಿದ್ದರೆ ಈ ಒಳಗುಟ್ಟುಗಳನ್ನು ಮನೆಯಲ್ಲೇ ಕಲಿತು ಬರಬಹುದು. ವಂಶದಲ್ಲೇ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ದಾಟಿದವರಿಗೆ ಆ ಅನುಕೂಲವಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ, ಬಾಕಿ ವಿಷಯಕ್ಕೆ ಮತ್ತೆ ಅರ್ಜಿ ಹಾಕುವ ಕ್ರಮ, ಹಾಜರಾತಿ ಕಡಿಮೆಯಾದರೆ ಯಾರನ್ನು ಕಾಣಬೇಕು ಎಂಬಂಥ ಸಣ್ಣ ತಿಳಿವಳಿಕೆಗಳ ಕೊರತೆಯೇ ಎಷ್ಟೋ ಬಾರಿ ದೊಡ್ಡ ನಷ್ಟಕ್ಕೆ ಕಾರಣ.

ಭಾಷೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವರು ವಿಜ್ಞಾನ ಅಥವಾ ವಾಣಿಜ್ಯ ಆರಿಸಿಕೊಂಡರೆ ಪಠ್ಯ ಇಂಗ್ಲಿಷಿಗೆ ತಿರುಗುತ್ತದೆ. ಮನೆಮಾತು ತೆಲುಗು, ಉರ್ದು, ಲಂಬಾಣಿಯಾಗಿರುವ ಮಕ್ಕಳಿಗೆ ಇದು ಮೂರನೇ ಭಾಷೆಯ ಕದನ. ತಿಳಿದಿದ್ದನ್ನೂ ಬರೆಯಲಾಗದೆ ಫೇಲಾದವನು ತನಗೆ ತಿಳಿದೇ ಇಲ್ಲ ಎಂದು ನಂಬಿಬಿಡುತ್ತಾನೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ನಂತರದ ವಾರಗಳು ಇಂಥವರ ಪಾಲಿಗೆ ಅತ್ಯಂತ ಅಪಾಯದವು.

ಟಿಂಟೊ ವಾದಕ್ಕೆ ಟೀಕೆಯೂ ಬಂತು. ವಿದ್ಯಾರ್ಥಿಯೇ ಏಕೆ ತನ್ನ ಮನೆಯ ರೂಢಿ ಬಿಟ್ಟು ಕಾಲೇಜಿಗೆ ಹೊಂದಿಕೊಳ್ಳಬೇಕು, ಕಾಲೇಜೇಕೆ ಅವನಿಗೆ ಹೊಂದಿಕೊಳ್ಳಬಾರದು ಎಂದು 1992ರಲ್ಲಿ ವಿಲಿಯಂ ಟಿಯರ್ನಿ ಕೇಳಿದರು. ಅದಕ್ಕೂ ಮುಂಚೆ, 1985ರಲ್ಲಿ, ಬೀನ್ ಮತ್ತು ಮೆಟ್ಸ್‌ನರ್ ಎಂಬ ಸಂಶೋಧಕರು ಇನ್ನೊಂದು ಮುಖ್ಯ ಮಾತು ಹೇಳಿದ್ದರು. ಹಾಸ್ಟೆಲಿನಲ್ಲಿ ಇರುವವರ ಲೆಕ್ಕವೇ ಬೇರೆ, ದಿನವೂ ಮನೆಯಿಂದ ಬಂದು ಹೋಗುವವರ ಲೆಕ್ಕವೇ ಬೇರೆ. ಬಂದು ಹೋಗುವವರ ಮಟ್ಟಿಗೆ ಕಾಲೇಜಿನೊಳಗಿನ ಸ್ನೇಹಕ್ಕಿಂತ ಹೊರಗಿನ ಸಂಗತಿಗಳೇ ನಿರ್ಣಾಯಕ: ಮನೆ, ದುಡಿಮೆ, ಹಣ, ಪ್ರಯಾಣ. ಯಶವಂತನಗರದಂಥ ಊರಿನ ವಿದ್ಯಾರ್ಥಿಗಳಿಗೆ ಈ ಎರಡನೇ ಮಾತು ಹೆಚ್ಚು ಒಪ್ಪುತ್ತದೆ. ಕೊನೆಯ ತರಗತಿ ಮುಗಿಯುವ ಮುಂಚೆಯೇ ಬಸ್ ಹಿಡಿಯಬೇಕಾದವನಿಗೆ ಗ್ರಂಥಾಲಯವೂ ಇಲ್ಲ, ಆಟದ ಮೈದಾನವೂ ಇಲ್ಲ.

ಅದಿರು ಕರೆದಾಗ

ಹೊರಗಿನ ಸೆಳೆತ ಎಷ್ಟು ಬಲವಾಗಿರಬಲ್ಲದು ಎಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಸಂಡೂರಿನಲ್ಲಿ ಗಣಿಗಾರಿಕೆ ಹೊಸದಲ್ಲ. ಸಂಡೂರು ಮ್ಯಾಂಗನೀಸ್ ಕಂಪನಿ 1954ರಲ್ಲೇ ಸ್ಥಾಪನೆಯಾಗಿತ್ತು. ದೋಣಿಮಲೆಯಲ್ಲಿ ಎನ್‌ಎಂಡಿಸಿ ಗಣಿ 1970ರ ದಶಕದಲ್ಲಿ ಶುರುವಾಯಿತು. ಆದರೆ ಚೀನಾದ ಬೇಡಿಕೆ ಏರಿ, ಅದಿರಿನ ಬೆಲೆ ಗಗನಕ್ಕೆ ಮುಟ್ಟಿದ 2003–04ರ ನಂತರದ ವರ್ಷಗಳಲ್ಲಿ ನಡೆದದ್ದು ಬೇರೆಯೇ ಕಥೆ. ಸಂಡೂರು–ಹೊಸಪೇಟೆ ರಸ್ತೆಗಳಲ್ಲಿ ದಿನಕ್ಕೆ ಸಾವಿರಾರು ಲಾರಿಗಳು ಓಡಿದವು. ಹೊಲಗಳಲ್ಲಿ ಕೂಡ ಅದಿರು ಅಗೆದರು. ಕ್ಲೀನರ್, ಚಾಲಕ, ತೂಕದ ಗುಮಾಸ್ತ, ಟೈರ್ ಅಂಗಡಿ, ಡಾಬಾ, ಲಾರಿ ಲೆಕ್ಕ ಬರೆಯುವವ, ಹೀಗೆ ಹತ್ತಾರು ಬಗೆಯ ಕೆಲಸ ಹುಟ್ಟಿತು. ಯಾವುದಕ್ಕೂ ಪದವಿ ಬೇಕಿರಲಿಲ್ಲ. ಹದಿನೆಂಟು ತುಂಬಿದ್ದರೆ, ಕೆಲವು ಕಡೆ ತುಂಬದಿದ್ದರೂ, ಸಾಕಿತ್ತು.

ಕಾಲೇಜಿನ ನಿಜವಾದ ವೆಚ್ಚ ಶುಲ್ಕವಲ್ಲ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದಕ್ಕೇ. ಸರ್ಕಾರಿ ಕಾಲೇಜಿನ ಶುಲ್ಕ ಸಣ್ಣದು. ಆದರೆ ಓದುವ ಮೂರು ವರ್ಷಗಳಲ್ಲಿ ದುಡಿಯದೇ ಕಳೆದುಕೊಂಡ ಕೂಲಿ ದೊಡ್ಡದು. ಊರಲ್ಲಿ ಕೂಲಿ ಏರಿದಷ್ಟೂ ಓದು ದುಬಾರಿಯಾಗುತ್ತದೆ. ಶುಲ್ಕ ಒಂದು ರೂಪಾಯಿಯೂ ಏರಬೇಕಿಲ್ಲ.

ಅಮೆರಿಕದಲ್ಲಿ 1970ರ ದಶಕದಲ್ಲಿ ಕಲ್ಲಿದ್ದಲಿನ ಬೆಲೆ ಏರಿದಾಗ ಕೆಂಟಕಿ ಮತ್ತು ಪೆನ್ಸಿಲ್ವೇನಿಯದ ಗಣಿ ಜಿಲ್ಲೆಗಳಲ್ಲಿ ಹೈಸ್ಕೂಲು ದಾಖಲಾತಿ ಕುಸಿಯಿತು, 1980ರ ದಶಕದಲ್ಲಿ ಬೆಲೆ ಬಿದ್ದಾಗ ಮತ್ತೆ ಏರಿತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹುಡುಗರ ಮನಸ್ಸು ಆ ಹತ್ತು ವರ್ಷದಲ್ಲಿ ಕೆಟ್ಟು, ಮುಂದಿನ ಹತ್ತು ವರ್ಷದಲ್ಲಿ ಸರಿಹೋಯಿತೇ? ಬದಲಾದದ್ದು ಗಣಿಯ ಕೂಲಿ.

ಸಂಡೂರಿನಲ್ಲಿ ಏರಿದ್ದು ಇಳಿಯಲು ಹತ್ತು ವರ್ಷವೂ ಬೇಕಾಗಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು, ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಕಾಡನ್ನೂ ಕಾನೂನನ್ನೂ ಕಾಯಲು ಅದು ಬೇಕಾಗಿದ್ದ ಕ್ರಮವೇ. ಆದರೆ ಸಾಲ ಮಾಡಿ ಲಾರಿ ಕೊಂಡವರ, ಓದು ಬಿಟ್ಟು ಲಾರಿ ಹತ್ತಿದವರ ಕೆಲಸ ಒಮ್ಮೆಲೇ ನಿಂತಿತು. ಗಣಿಗಳು ಮುಂದೆ ಹಂತಹಂತವಾಗಿ, ಬಿಗಿ ನಿಯಮಗಳೊಂದಿಗೆ ತೆರೆದವು. ಅಷ್ಟರಲ್ಲಿ ಇಪ್ಪತ್ತರ ಹುಡುಗ ಇಪ್ಪತ್ತೈದು ದಾಟಿದ್ದ.

ಒಂದೊಂದು ಊರಿಗೆ ಒಂದೊಂದು ಸೆಳೆತ

ಕಂಪ್ಲಿಯ ಕಡೆ ಅದಿರಿಲ್ಲ, ತುಂಗಭದ್ರೆಯ ಕಾಲುವೆಯಿದೆ. ಭತ್ತದ ನಾಟಿಗೂ ಕೊಯ್ಲಿಗೂ ಕೈ ಬೇಕು. ಆ ಹೊತ್ತಿಗೆ ಸರಿಯಾಗಿ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ ಬಂದರೆ ಗೆಲ್ಲುವುದು ಭತ್ತವೇ. ಹೊಲದ ಕೆಲಸ ಒಮ್ಮೆಲೇ ಓದು ಬಿಡಿಸುವುದಿಲ್ಲ. ಹತ್ತು ದಿನ, ಹದಿನೈದು ದಿನ ಎಂದು ಹಾಜರಿ ತಿನ್ನುತ್ತದೆ. ಹಂಪಿಯಲ್ಲಿ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಪ್ರವಾಸಿಗರ ಹಂಗಾಮು. ಆಟೊ ಓಡಿಸಿದವನಿಗೆ, ದಾರಿ ತೋರಿಸಿದವನಿಗೆ, ಅಂಗಡಿಯಲ್ಲಿ ಕುಳಿತವನಿಗೆ ಅಂದಂದಿನ ಹಣ ಅಂದೇ ಕೈಗೆ ಬರುತ್ತದೆ. ನಾಲ್ಕು ಮಾತು ಇಂಗ್ಲಿಷ್ ತರಗತಿಯಲ್ಲಿ ಬಾರದಿದ್ದರೂ ಅಲ್ಲಿ ಬರುತ್ತದೆ. ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿಯವರು 1971ರಲ್ಲಿ ಅಡಿಗಲ್ಲು ಹಾಕಿದ ಸರ್ಕಾರಿ ಉಕ್ಕಿನ ಕಾರ್ಖಾನೆ ಬರಲೇ ಇಲ್ಲ. 1990ರ ದಶಕದಲ್ಲಿ ಬಂದದ್ದು ಜಿಂದಾಲ್. ಅಲ್ಲಿನ ಕೆಲಸಕ್ಕೆ ಬಿ.ಎ.ಗಿಂತ ಐಟಿಐ, ಡಿಪ್ಲೊಮಾ ಹತ್ತಿರದ ದಾರಿ ಎಂದು ಎಷ್ಟೋ ಮನೆಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕ ಯಾವಾಗಲೂ ತಪ್ಪೇನಲ್ಲ.

ಇದುವರೆಗಿನ ಮಾತೆಲ್ಲ ಹೆಚ್ಚಾಗಿ ಹುಡುಗರದು. ಹೆಣ್ಣುಮಕ್ಕಳು ಬಿಡುವ ಕಾರಣ ಬೇರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ 75ನೇ ಸುತ್ತಿನಲ್ಲಿ ಓದು ಬಿಟ್ಟ ಕಾರಣ ಕೇಳಿದಾಗ ಗಂಡಸರು ಹೆಚ್ಚಾಗಿ ಹೇಳಿದ್ದು ದುಡಿಮೆ, ಹೆಂಗಸರು ಹೇಳಿದ್ದು ಮನೆಗೆಲಸ. ಹುಡುಗನನ್ನು ಕೂಲಿ ಎಳೆದರೆ ಹುಡುಗಿಯನ್ನು ಮನೆ ಎಳೆಯುತ್ತದೆ. 'ಒಳ್ಳೆ ಸಂಬಂಧ ಬಂದಿದೆ' ಎಂಬ ಮಾತು ಎರಡನೇ ವರ್ಷದಲ್ಲೇ ಬರುತ್ತದೆ. ಮದುವೆಯಾದ ಮೇಲೂ ಓದಿಸುತ್ತೇವೆ ಎಂಬ ಭರವಸೆ ಸಿಗುತ್ತದೆ. ಮೊದಲ ಬಸಿರಿನೊಂದಿಗೆ ಅದು ಮುಗಿಯುತ್ತದೆ. ಇನ್ನು ಬಸ್ಸು ತಪ್ಪಿದರೆ ಹುಡುಗ ಲಾರಿಯನ್ನಾದರೂ ಹತ್ತಿ ಬರುತ್ತಾನೆ, ಹುಡುಗಿ ಮನೆಗೆ ಮರಳಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತ ಮಾಡಿದೆ. ಟಿಕೆಟ್ಟಿನ ಖರ್ಚು ತಪ್ಪಿದೆ. ಸಂಜೆ ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್ಟಿನಿಂದ ಸಿಗುವ ಲಾಭ ಮಾತ್ರ ಅರ್ಧದಷ್ಟೇ.

ಮುಗಿಸಿದವರನ್ನು ಕಾಯ್ದದ್ದು ಏನು?

ಬಿಟ್ಟವರ ಬಗ್ಗೆ ಇಷ್ಟು ಹೇಳಿದ ಮೇಲೆ ಮುಗಿಸಿದವರ ಬಗ್ಗೆಯೂ ಕೇಳಬೇಕು. ಕನ್ನಡ ನಾಡಿನ ಶಿಕ್ಷಣದ ಇತಿಹಾಸ ಇದಕ್ಕೊಂದು ಉತ್ತರ ಇಟ್ಟುಕೊಂಡಿದೆ. ಅದು ಅನ್ನ ಮತ್ತು ಸೂರು. ವಾರದ ಏಳು ದಿನ ಏಳು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಅನುಕೂಲ ಎಲ್ಲ ಜಾತಿಯವರಿಗೂ ಇರಲಿಲ್ಲ. ಮುಂದೆ ಮಠಗಳ ಪ್ರಸಾದ ನಿಲಯಗಳು, ಸಮುದಾಯಗಳ ಹಾಸ್ಟೆಲುಗಳು, ಆಮೇಲೆ ಸರ್ಕಾರದ ವಿದ್ಯಾರ್ಥಿ ನಿಲಯಗಳು ಬಂದವು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲೇ, ಸ್ವಾತಂತ್ರ್ಯಕ್ಕೂ ಮುಂಚೆ, ಆರಂಭವಾಯಿತು.

ಹಾಸ್ಟೆಲು ಕೊಡುವುದು ಅನ್ನವನ್ನಷ್ಟೇ ಅಲ್ಲ. ಬೇಸಾಯದ ಕರೆ, ಲಾರಿಯ ಕರೆ, ಮದುವೆಯ ಮಾತು ಎಲ್ಲವುಗಳಿಂದ ಒಂದಿಷ್ಟು ದೂರ ಸಿಗುತ್ತದೆ. ಪಕ್ಕದ ಹಾಸಿಗೆಯವನು ಪರೀಕ್ಷೆಗೆ ಓದುತ್ತಿದ್ದರೆ ತಾನೂ ಪುಸ್ತಕ ತೆರೆಯುತ್ತಾನೆ. ಬಾಕಿ ವಿಷಯದ ಅರ್ಜಿ ಹೇಗೆ ತುಂಬಬೇಕೆಂದು ಹಿರಿಯ ವಿದ್ಯಾರ್ಥಿ ಹೇಳಿಕೊಡುತ್ತಾನೆ. ಟಿಂಟೊ ಹೇಳಿದ ಎರಡೂ ಬೆಸುಗೆಗಳು ಒಂದೇ ಸೂರಿನಡಿ ಆಗುತ್ತವೆ.

ಮನೆಯಿಂದಲೇ ಬಂದು ಹೋಗುವವರಿಗೆ ಏನು ಮಾಡಬಹುದು ಎಂಬುದಕ್ಕೆ ನ್ಯೂಯಾರ್ಕ್ ನಗರದ ಅನುಭವ ಗಮನಾರ್ಹ. ಅಲ್ಲಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ಬಡ ವಿದ್ಯಾರ್ಥಿಗಳೇ ಹೆಚ್ಚಿರುವ ಕಾಲೇಜುಗಳಲ್ಲಿ ಒಂದು ಯೋಜನೆ ಆರಂಭಿಸಿತು. ಉಚಿತ ಬಸ್–ರೈಲು ಪಾಸು, ಪಠ್ಯಪುಸ್ತಕ, ಬಾಕಿ ಶುಲ್ಕ ಮನ್ನಾ ಇವುಗಳ ಜೊತೆಗೆ ಪ್ರತಿ ವಿದ್ಯಾರ್ಥಿಗೂ ಆಗಾಗ್ಗೆ ಕಂಡು ಮಾತನಾಡಿಸುವ ಒಬ್ಬ ಸಲಹೆಗಾರ. ಚೀಟಿ ಎತ್ತಿ ಆರಿಸಿದ ಎರಡು ಗುಂಪುಗಳನ್ನು ಮೂರು ವರ್ಷದ ನಂತರ ಹೋಲಿಸಿದಾಗ ಯೋಜನೆಯಲ್ಲಿದ್ದವರಲ್ಲಿ ಶೇ 40 ಮಂದಿ, ಇಲ್ಲದವರಲ್ಲಿ ಶೇ 22 ಮಂದಿ ಓದು ಮುಗಿಸಿದ್ದರು. ಎರಡು ಗುಂಪಿನ ಬುದ್ಧಿ ಒಂದೇ, ಬಡತನವೂ ಒಂದೇ. ಆಸರೆ ಮಾತ್ರ ಬೇರೆ. ಬಸ್ ಪಾಸು, ಪುಸ್ತಕ, ವಿದ್ಯಾರ್ಥಿವೇತನ ನಮ್ಮಲ್ಲೂ ಉಂಟು, ಬಿಡಿಬಿಡಿಯಾಗಿ, ಕೆಲವು ಬಾರಿ ತಡವಾಗಿ. 'ಮೂರು ದಿನದಿಂದ ಏಕೆ ಬಂದಿಲ್ಲ' ಎಂದು ಕೇಳುವುದನ್ನೇ ಕೆಲಸವಾಗಿ ವಹಿಸಿಕೊಂಡವರು ಮಾತ್ರ ಅಪರೂಪ.

ಮರಳುವ ಬಾಗಿಲು

ಇಷ್ಟಾದರೂ ಕೆಲವರು ಬಿಟ್ಟೇ ಬಿಡುತ್ತಾರೆ. ಅವರು ಮರಳಿ ಬರಬಹುದೇ? ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 1973ರಿಂದ 1981ರವರೆಗೆ ತೈಲದ ಸುಗ್ಗಿ ಬಂದಾಗ ಅಲ್ಲಿನ ಹುಡುಗರೂ ಓದು ಬಿಟ್ಟು ದುಡಿಮೆಗೆ ಹೋದರು. ಆದರೆ ಸುಗ್ಗಿ ಮುಗಿದ ಮೇಲೆ ಹಲವರು ಓದಿಗೆ ಮರಳಿದರು, ಒಟ್ಟಾರೆ ಓದಿನ ಮಟ್ಟ ಕುಸಿಯಲಿಲ್ಲ, ಓದಿದ ವಯಸ್ಸು ಮಾತ್ರ ಬದಲಾಯಿತು ಎಂದು 2012ರ ಅಧ್ಯಯನವೊಂದು ಹೇಳುತ್ತದೆ. ಅಂದರೆ ಬಿಡುವುದಕ್ಕಿಂತ ದೊಡ್ಡ ಅನಾಹುತ ಮರಳಲಾಗದಿರುವುದು.

ಇಲ್ಲಿ ಬಳ್ಳಾರಿ ಸೀಮೆಯ ದುರದೃಷ್ಟ ನೋಡಿ. ಗಣಿ ನಿಂತು ಹುಡುಗರ ಕೈ ಬರಿದಾದದ್ದು 2011ರಲ್ಲಿ. ದುಡಿಯುತ್ತಲೇ ಓದಲು ರಾಜ್ಯದಲ್ಲಿ ಇದ್ದ ದೊಡ್ಡ ಬಾಗಿಲು 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಯುಜಿಸಿ 2015ರಲ್ಲಿ ಅದರ ಮಾನ್ಯತೆಯನ್ನು 2013–14ರಿಂದ ಅನ್ವಯವಾಗುವಂತೆ ಹಿಂಪಡೆಯಿತು. ಮಾನ್ಯತೆ ಮತ್ತೆ ದೊರೆತದ್ದು 2018ರಲ್ಲಿ. ಮರಳಿ ಓದಬೇಕೆಂದವರಿಗೆ ಬಾಗಿಲು ಬೇಕಾಗಿದ್ದ ವರ್ಷಗಳಲ್ಲೇ ಅದಕ್ಕೆ ಬೀಗ ಬಿತ್ತು.

ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಪರಿಹಾರ ಸೂಚಿಸಿತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಕರ್ನಾಟಕ 2021–22ರಲ್ಲಿ ದೇಶದಲ್ಲೇ ಮೊದಲಾಗಿ ಇದನ್ನು ಜಾರಿಗೆ ತಂದು, 2024–25ರಿಂದ ಮೂರು ವರ್ಷದ ಹಳೆಯ ಪದ್ಧತಿಗೆ ಮರಳಿತು. ನಡುವೆ ಇಳಿದವನ ಕೈಗೆ ಏನಾದರೂ ಸಿಗಲಿ ಎಂಬ ಆಶಯ ಒಳ್ಳೆಯದೇ. ಇಳಿಯಲು ಮೆಟ್ಟಿಲು ಮಾಡಿಕೊಟ್ಟರೆ ಇಳಿಯುವವರೇ ಹೆಚ್ಚಾಗುತ್ತಾರೆ, ಅದರಲ್ಲೂ ಬಡವರ ಮಕ್ಕಳು ಎಂಬ ಆತಂಕವೂ ಹುಸಿಯಲ್ಲ. ಸರ್ಟಿಫಿಕೇಟಿಗೆ ಕೆಲಸ ಕೊಡುವವರಿಲ್ಲದಿದ್ದರೆ ಅದು ಕಾಗದ ಮಾತ್ರ. ಪದವಿ ಮುಗಿಸಿದವರಿಗೆ ಕೆಲಸ ಸಿಗುವವರೆಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಆರಂಭವಾಯಿತು. ತುದಿ ಮುಟ್ಟಿದವರೂ ಕಾಯಬೇಕಾದ ಕಾಲವಿದು ಎಂಬುದನ್ನು ಅದೇ ಹೇಳುತ್ತದೆ. ಓದು ಬಿಟ್ಟವನು ಕೇಳುವ 'ಓದಿ ಏನು ಮಾಡೋದು' ಎಂಬ ಪ್ರಶ್ನೆಯನ್ನು ಸೋಮಾರಿತನ ಎಂದು ತಳ್ಳಿಹಾಕಲು ಆಗದಿರುವುದೂ ಇದಕ್ಕೇ.

ಹಾಗಾದರೆ ಹಣ ಎಲ್ಲಿಂದ ಬರಬೇಕು? ಅದಿರಿನಿಂದಲೇ. 2015ರ ಕಾನೂನು ತಿದ್ದುಪಡಿಯಂತೆ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಸ್ಥಾಪನೆಯಾಗಿವೆ. ಗಣಿ ಕಂಪನಿಗಳು ರಾಜಧನದ ಜೊತೆಗೆ ಇದಕ್ಕೂ ಪಾಲು ಕೊಡಬೇಕು. ಈ ಹಣದಲ್ಲಿ ಕನಿಷ್ಠ ಶೇ 60 ಭಾಗವನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕ್ಷೇತ್ರಗಳಿಗೆ ಬಳಸಬೇಕು ಎಂದು ಆಗಿನ ಮಾರ್ಗಸೂಚಿಯೇ ಹೇಳಿತ್ತು. ಕಟ್ಟಡ ಕಟ್ಟುವುದು ಕಣ್ಣಿಗೆ ಕಾಣುವ ಕೆಲಸ, ಆದ್ದರಿಂದ ಅದು ಮೊದಲು ಆಗುತ್ತದೆ. ಸಂಜೆ ಒಂದು ಹೆಚ್ಚುವರಿ ಬಸ್ಸು, ತಾಲ್ಲೂಕು ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ಹಾಸ್ಟೆಲು, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಸೇತುಬಂಧ ತರಗತಿ, ಗೈರಾದವರ ಮನೆಗೆ ಫೋನ್ ಮಾಡುವ ಒಬ್ಬ ಸಲಹೆಗಾರ, ಬಿಟ್ಟುಹೋದವರಿಗೆ ಸಂಜೆ ಕಾಲೇಜು ಇವಕ್ಕೆ ಉದ್ಘಾಟನೆಯ ಫಲಕ ಹಾಕಲಾಗುವುದಿಲ್ಲ. ಹಾಜರಿ ಪುಸ್ತಕ ತೆಳ್ಳಗಾಗದಂತೆ ತಡೆಯುವುದು ಮಾತ್ರ ಇವೇ.

ಅದಿರಿನ ಬೆಲೆ ಮತ್ತೆ ಏರಬಹುದು, ಮತ್ತೆ ಇಳಿಯಬಹುದು. ಏರಿದಾಗ ಹುಡುಗರು ತರಗತಿ ಬಿಟ್ಟು ರಸ್ತೆಗಿಳಿಯುವುದನ್ನು ಯಾವ ಕಾಲೇಜೂ ಪೂರ್ತಿಯಾಗಿ ತಡೆಯಲಾರದು. ಇಳಿದಾಗ ಅವರು ಎಲ್ಲಿಗೆ ಬರಬೇಕು ಎಂಬುದನ್ನು ಈಗಲೇ ಯೋಚಿಸಿಡಬಹುದು. 2011ರಲ್ಲಿ ಆ ಯೋಚನೆ ಆಗಿರಲಿಲ್ಲ.